ಕಿಟಕಿಯಾಚೆಯ ಕ್ವಿಜ್

ಹೊಸ ತಿಪ್ಪಸಂದ್ರ, ೨೦೦೩

ಮನೆ ಓನರ್ ಆಂಜನಮ್ಮನವರಿಗೆ, ಹಿಂದಿನ ಕೋಣೆಯ ಚಂದ್ರಾಮಪ್ಪನ ನಮಸ್ಕಾರ.

ಅಮ್ಮಾವ್ರೇ, ನಿಮ್ಮ ಕಿಟಕಿಯಾಚೆ ನಿಂತು ಭಾನುವಾರದ ಟಿ.ವಿ. ಕ್ವಿಜ್ ನೋಡುತ್ತಲೇ ನನ್ನ ಮಗಳು ಜಯಮಾಲಾ ಬೆಳೆದಳು. ಮೊದಲು ನನ್ನ ಹೆಗಲ ಮೇಲೆ, ಆಮೇಲೆ ಬೋರಲು ಹಾಕಿದ ಕಬ್ಬಿಣದ ಬಕೆಟ್ ಮೇಲೆ, ಕೊನೆಗೆ ತನ್ನ ಕಾಲ ಮೇಲೇ. ಅಷ್ಟರಲ್ಲಿ ನಿಮ್ಮ ಟಿ.ವಿ.ಗೆ ಬಣ್ಣ ಬಂತು, ಪ್ರಶ್ನೆ ಕೇಳುವ ಸಾಹೇಬರ ಕೂದಲು ಬೆಳ್ಳಗಾಯಿತು.

ಈ ಭಾನುವಾರ ಆ ಸಾಹೇಬರೆದುರು ನಮ್ಮ ಜಯಮಾಲಾನೇ ಕೂತಿರುತ್ತಾಳೆ! ನಂಬಲಾಗದೆ ಅವಳನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ.

ಅವತ್ತು ದಯವಿಟ್ಟು ಕಿಟಕಿಯ ಪರದೆ ಸರಿಸಿಡಿ. ನೀವು ಒಳಗೆ ಕರೆದರೂ ಬರಲಾರೆ, ಬೇಸರಿಸಬೇಡಿ. “ಅಪ್ಪಾ, ನೀನು ಕಿಟಕಿ ಹತ್ರಾನೇ ನಿಂತ್ಕೋ. ನಾನು ಟಿ.ವಿ. ಒಳಗಿಂದ ಅಲ್ಲಿಗೇ ನೋಡ್ತೀನಿ,” ಅಂದಿದ್ದಾಳೆ.

ಅವಳವ್ವನಿಗೆ ಕಿಟಕಿ ಎಟಕುವುದಿಲ್ಲ. ಬಕೆಟ್ ತೊಳೆದಿಟ್ಟಿದ್ದೇನೆ.

ಇಂತಿ,
ಚಂದ್ರಾಮಪ್ಪ