ಅಪ್ಪನ ಹೊಸ ಆಲ್ಬಮ್ಮಿಗೆ

ತ್ರೆಂಚಿನ್, 11 ಜನವರಿ 1993

ಪ್ರೀತಿಯ ಅಪ್ಪಾ,

ನೀವು ಸ್ಲೊವಾಕಿಯಾದ ಅಂಚೆಚೀಟಿಗಳಿಗೆಂದೇ ಹೊಸ ಆಲ್ಬಮ್ ಕೊಂಡಿದ್ದೀರೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಚೆಕೊಸ್ಲೊವಾಕಿಯಾ ಒಡೆದ ದಿನ, "ಆ ಹೊಸ ದೇಶದ ಚೀಟಿನೂ ಅಂಟಿಸಲ್ಲ, ಗಡಿ ದಾಟಿ ನಿನ್ನ ಮದುವೆಗೂ ಬರಲ್ಲ" ಎಂದಿದ್ದಿರಿ. ಒಂದು ಹಟ ಸಡಿಲವಾಗಿದೆ. ಇನ್ನೊಂದೂ ಆದೀತೆಂದು ನಂಬಿದ್ದೇನೆ.

ಕಾರ್ಡಿಗೆ ಸ್ಲೊವಾಕಿಯಾದ ಮೊದಲ ಚೀಟಿ ಹಚ್ಚಿದ್ದೇನೆ. ವಿಳಾಸವನ್ನು ಎಂದಿನಂತೆ ಬ್ರನೋ ಎಂಬಲ್ಲಿಗೇ ನಿಲ್ಲಿಸಿದ್ದೆ. ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ; ಕೌಂಟರಿನ ವಿಲ್ಮಾ ವಿಳಾಸ ನೋಡಿ ನಕ್ಕುಬಿಟ್ಟರು.

"ದೇಶದ ಹೆಸರೆಲ್ಲಮ್ಮಾ? ನಿಮ್ಮಪ್ಪ ಈಗ ಫಾರಿನ್ನವರು!"

"ಚೀಟಿ ಕೂಡಿಡ್ತಾರೆ, ಮುದ್ರೆ ಮೆತ್ತಗೆ ಹಾಕಿ."

"ಮೂಲೆಗೆ ಮಾತ್ರ ಒತ್ತೀನಿ. ಮದುವೆಗೆ ಬರದಿದ್ರೆ ಮಾತ್ರ ಮುಂದಿನ ಕಾರ್ಡಿಗೆ ಗುದ್ದಿಬಿಡ್ತೀನಿ!"

ಕೆಮ್ಮಿಗೆ ಕಷಾಯ ಬಿಡಬೇಡಿ. ರೈಲಿಗೆ ಗುರುತಿನ ಚೀಟಿ ಸಾಕು. ಮದುವೆ 23ರ ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಇಲ್ಲಿನ ಪುರಭವನದಲ್ಲಿ.

ಹೆಡ್ವಿಕಾ