ಕಿಟಕಿ ತೆಗೆದಿಟ್ಟು ಹಚ್ಚು

ಶಿಡ್ಲಘಟ್ಟ
೧೪ ನವೆಂಬರ್ ೨೦೨೫

ಪ್ರೀತಿಯ ಅಕ್ಕಾ,

“ಕಿಟಕಿ ತೆಗೆದಿಟ್ಟು ಹಚ್ಚಪ್ಪಾ, ಈ ಸಲನಾದ್ರೂ” ಎಂದಿದ್ದೆಯಲ್ಲ, ಗೌರಿಬಿದನೂರಿಗೆ ಹೊರಟ ದಿನ ಕಾರಿನಲ್ಲಿ ಕೂತುಕೊಂಡು, ಮಹಡಿ ನೆಲದ ಪಾಲಿಶ್ ಮಾತು ಬಂದಾಗ. ಹೋದ ವರ್ಷ ಅಡುಗೆಮನೆ ಬೀರುವಿಗೆ ಬಣ್ಣ ಬಳಿದು ನಾನು ಎರಡು ದಿನ ತಲೆನೋವೆಂದು ಮಲಗಿದ್ದೆ, ಅದಕ್ಕೇ ಹೇಳುತ್ತಿದ್ದೀಯ ಅಂದುಕೊಂಡು ಹೂಂ ಅಂದೆ. ಮಂಡಿ ಹೇಗಿದೆ? ಆಪರೇಷನ್ನಿನ ಹೊಲಿಗೆ ಬಿಚ್ಚಿದರಂತೆ. ನಿನ್ನ ವರಾಂಡದ ನಡಿಗೆಯನ್ನು ತನುಜ ಗಡಿಯಾರ ಹಿಡಿದು ಎಣಿಸುತ್ತಾಳಂತೆ. ತಂಗಿಯ ಮಗಳ ಕೈಯಲ್ಲಿ ಸಿಕ್ಕಿಬಿದ್ದಿದ್ದೀಯ, ಬೈದುಕೊಂಡಾದರೂ ನಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನಗೆ ಕೇಳಿಸಲೆಂದು ಅವಳು ಸ್ಪೀಕರ್ ಹಾಕುತ್ತಾಳೆ. ನಾನು ಹೇಳಬೇಕಾದ್ದು ನಿನಗೊಬ್ಬಳಿಗೆ. ಮೂವತ್ತಾರು ವರ್ಷದಿಂದ ಹೇಳದೆ ಉಳಿಸಿಕೊಂಡದ್ದು.

ಮೊದಲು ನೆಲದ ವಿಷಯ. ಚಿಂತಾಮಣಿಯಿಂದ ಪಾಲಿಶ್ ಕೆಲಸದ ಮೋಹನ್‌ಬಾಬು ಬಂದಿದ್ದ. ಮಹಡಿಯ ಹಲಗೆಗಳನ್ನು ಉಗುರಿನಿಂದ ಕೆರೆದು ನೋಡಿ, “ಸಾರ್, ಹೊನ್ನೆ ಇದು. ಈಗ ಹುಡುಕಿದ್ರೂ ಸಿಗಲ್ಲ. ಇದರ ಮೇಲೆ ರೇಷ್ಮೆ ಹುಳ ಸಾಕಿದ್ರಾ?” ಎಂದು ನನ್ನನ್ನೇ ಬೈದ. ಎರಡು ದಿನ ಉಪ್ಪು ಕಾಗದ ಹಾಕಿ ಉಜ್ಜಿದ ಮೇಲೆ ಮರ ಜೇನಿನ ಬಣ್ಣಕ್ಕೆ ತಿರುಗಿತು. ಆದರೆ ನಿನ್ನ ಬಟ್ಟಲುಗಳ ಗುರುತು ಹೋಗಲಿಲ್ಲ. ಹುಳುವಿನ ತಟ್ಟೆಗಳ ಸ್ಟ್ಯಾಂಡಿಗೆ ಇರುವೆ ಹತ್ತಬಾರದೆಂದು ಕಾಲಿಗೊಂದು ಕಬ್ಬಿಣದ ಬಟ್ಟಲು ಇಟ್ಟು ನೀರು ತುಂಬಿಸುತ್ತಿದ್ದೆಯಲ್ಲ, ಅವು. ಆರು ಸ್ಟ್ಯಾಂಡು, ಇಪ್ಪತ್ತನಾಲ್ಕು ಕಪ್ಪು ಉಂಗುರ. ಕೋಣೆ ಖಾಲಿಯಾಗಿ ಎಷ್ಟೋ ವರ್ಷವಾದರೂ ಸ್ಟ್ಯಾಂಡುಗಳು ನಿಂತೇ ಇರುವ ಹಾಗೆ ಕಾಣುತ್ತವೆ. ನಾನೂ ಅವುಗಳನ್ನು ಸುತ್ತುಬಳಸಿಕೊಂಡೇ ಓಡಾಡುತ್ತಿದ್ದೇನೆ.

ಬೀರು ನಿಲ್ಲುವ ಮೂಲೆಯಲ್ಲಿ ಅಂಗೈಯಗಲ ಮೂರು ಬಣ್ಣ ಹಚ್ಚಿಸಿ ನೋಡಿದೆ: ತೇಗ, ಬೀಟೆ, ವಾಲ್‌ನಟ್. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ಮಕ್ಕಳಿಗೆ ಬಣ್ಣ ಹೇಳಿಕೊಟ್ಟವನು ಒಂದು ನೆಲಕ್ಕೆ ಬಣ್ಣ ಆರಿಸಲು ನಾಲ್ಕು ದಿನ ತೆಗೆದುಕೊಂಡೆ. ಕೊನೆಗೆ ವಾಲ್‌ನಟ್ ಅಂದೆ, ಕಡುಗಪ್ಪು, ಉಂಗುರಗಳು ಮುಚ್ಚಿಹೋಗುತ್ತವೆ ಅಂತ. ಮೋಹನ್‌ಬಾಬು ನಕ್ಕ. “ಇದು ಪೇಂಟಲ್ಲ ಸಾರ್, ಮುಚ್ಚೋಕೆ. ಒಳಗೆ ಇಳಿಯುತ್ತೆ.” ನಾನು ಕೇಳಲಿಲ್ಲ. ಅವನು ಡಬ್ಬಿಯಲ್ಲಿ ಬಟ್ಟೆ ಅದ್ದಿ ಒಂದು ಉಂಗುರದ ಮೇಲೆ ಮರದ ಎಳೆಯ ಗುಂಟ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿದ. ಸುತ್ತಲಿನ ಹಲಗೆ ಕಪ್ಪಾಯಿತು, ಉಂಗುರ ಅದಕ್ಕಿಂತ ಕಪ್ಪಾಗಿ ಎದ್ದು ಕೂತಿತು.

ಆ ಡಬ್ಬಿಯ ವಾಸನೆಗೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೆಳಗಿಳಿದು ಬಂದೆ.

ಎಂಬತ್ತೊಂಬತ್ತರ ಆಷಾಢ. ಹುಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನ. ನೀನು ಅಮ್ಮನನ್ನು ಕರೆದುಕೊಂಡು ಕೈವಾರಕ್ಕೆ ಹೋದೆ, ಹೊತ್ತುಹೊತ್ತಿಗೆ ಸೊಪ್ಪು ಹಾಕು ಅಂತ ನನಗೆ ಹೇಳಿ. ಹಾಕಿದೆ. ನಡುವೆ ಬಿಡುವಿತ್ತು. ಪಕ್ಕದ ಸಣ್ಣ ಕೋಣೆಯಲ್ಲಿ ನನ್ನ ಹೊಸ ಡ್ರಾಯಿಂಗ್ ಬೋರ್ಡಿಗೆ ವಾರ್ನಿಷ್ ಹಚ್ಚಿದೆ. ಗಾಳಿಗೆ ಧೂಳು ಅಂಟುತ್ತದೆಂದು ಕಿಟಕಿಗಳನ್ನೆಲ್ಲ ಹಾಕಿದ್ದೆ. ಎರಡು ಕೋಣೆಗೂ ನಡುವೆ ಇದ್ದದ್ದು ಬಿರುಕು ಬಿಟ್ಟ ಹಲಗೆಯ ಗೋಡೆ. ಹುಳುಮನೆಗೆ ಅಗರಬತ್ತಿ ಕೂಡ ತರಬಾರದು ಅಂತ ನೀನು ಎಷ್ಟು ಸಲ ಹೇಳಿದ್ದೆಯೋ. ಹತ್ತೊಂಬತ್ತು ವರ್ಷದವನಿಗೆ ವಾರ್ನಿಷ್ ಹೊಳೆಯುವುದು ಮಾತ್ರ ಕಾಣುತ್ತಿತ್ತು. ನಿಮ್ಮ ಬಸ್ಸಿನ ಹೊತ್ತಿಗೆ ಬೋರ್ಡನ್ನು ಗೆಳೆಯನ ಮನೆಗೆ ಸಾಗಿಸಿ ಕಿಟಕಿ ತೆಗೆದೆ. ಬೆಳಿಗ್ಗೆ ಹುಳುಗಳು ತಲೆ ಎತ್ತಿ ಆಡಿಸುತ್ತ ಹಸಿರು ನೀರು ಕಕ್ಕುತ್ತಿದ್ದವು. ಮಧ್ಯಾಹ್ನಕ್ಕೆ ಒಂದು ತಟ್ಟೆಯೂ ಉಳಿಯಲಿಲ್ಲ.

ಸೊಪ್ಪು ಬಯ್ಯಪ್ಪನ ತೋಟದ್ದು. ಔಷಧಿ ಹೊಡೆದ ಸೊಪ್ಪು ಅಂತ ಮೊದಲು ಯಾರಂದರೋ, ಊರೆಲ್ಲ ಅದೇ ಅಂದಿತು. ಶ್ರಾವಣಕ್ಕೆ ನಿನಗೂ ಅವನಿಗೂ ಮದುವೆ ಗೊತ್ತಾಗಿತ್ತು. ಅವನು ಒಂದು ಹಿಡಿ ಸೊಪ್ಪು ತಂದು ನಮ್ಮ ಹೊಸ್ತಿಲಲ್ಲಿ ನಿಂತು, “ನೋಡು ರತ್ನಾ, ನಾನೇ ತಿಂತೀನಿ” ಎಂದು ಎಲ್ಲರೆದುರಿಗೆ ಅಗಿದ. ನೀನು, “ಅಗಿ, ಅಗಿ. ನೀನೇನು ಹುಳಾನಾ ಸಾಯೋಕೆ?” ಅಂದೆ. ಯಾರೋ ನಕ್ಕರು. ಹಸಿರು ತುಟಿಯಲ್ಲೇ ಅವನು ಹೊರಟುಹೋದ. ಅವರ ಮನೆಗೆ ಕಾಲಿಡಲ್ಲ ಅಂತ ನೀನು ಹೇಳಿ ಕಳಿಸಿದೆ. ನಾನು ಬಾಗಿಲ ಹಿಂದೆ ಇದ್ದೆ. ಮೊದಲ ದಿನ ಹೆದರಿಕೆಯಿಂದ ಸುಮ್ಮನಿದ್ದೆ. ಆಮೇಲಾಮೇಲೆ ಸುಮ್ಮನಿರುವುದೇ ಸುಲಭವಾಯಿತು. ನೀನು ಅದೇ ಕೋಣೆಯಲ್ಲಿ ಮತ್ತೆ ಹುಳು ಮೇಯಿಸಿ ನನ್ನನ್ನು ಓದಿಸಿದೆ. ಯಾರನ್ನೂ ಮದುವೆಯಾಗಲಿಲ್ಲ.

ಸೊಪ್ಪಿನಲ್ಲಿ ಏನೂ ಇರಲಿಲ್ಲ ಅಕ್ಕಾ. ಕೊಂದವನು ನಾನು.

ಬಯ್ಯಪ್ಪ ಈಗಲೂ ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರ ಸಿಗುತ್ತಾನೆ. ಮೊಮ್ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, “ಏಮಪ್ಪಾ ಗಂಗರಾಜೂ, ಅಕ್ಕ ಬಾಗುಂದಾ, ಚೆನ್ನಾಗಿದ್ದಾಳಾ? ಮಂಡಿ ಹೆಂಗಿದೆ?” ಅನ್ನುತ್ತಾನೆ. ಅವನಿಗೂ ಹೇಳಬೇಕು. ನಿನಗೆ ಮೊದಲು ಹೇಳದೆ ಆಗುವುದಿಲ್ಲ.

ವಾಲ್‌ನಟ್ ಡಬ್ಬಿ ವಾಪಸು ಕಳಿಸಿದೆ. ಅರ್ಧ ನೆಲಕ್ಕೆ ತೇಗದ ತೆಳು ಬಣ್ಣ ಹಚ್ಚಿಸಿದ್ದೇನೆ, ಉಂಗುರಗಳು ಹಾಗೇ ಕಾಣುತ್ತವೆ. ಉಳಿದರ್ಧ ನೀನು ಹೇಳಿದ ಹಾಗೆ. ತನುಜಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ನೋಯುವ ಕಾಲಿಗೂ.

ನಿನ್ನ ತಮ್ಮ
ಗಂಗರಾಜು

ಮರೆತೆ: ಲಕೋಟೆ ಅಂಟಿಸುವ ಮೊದಲು ಮೇಲೆ ಹೋಗಿ ಕಿಟಕಿ ತೆಗೆದು ಬಂದೆ, ಆಗ ಹೊಳೆಯಿತು. ವಾರ್ನಿಷ್ ಹಚ್ಚಿದ ಆ ದಿನ ಕಿಟಕಿ ಹಾಕಿದ್ದೆನೆಂದು ಈ ಪತ್ರಕ್ಕೆ ಮೊದಲು ನಾನು ಯಾರಿಗೂ ಹೇಳಿಲ್ಲ. ಯಾರಾದರೂ ಬೀಡಿ ಸೇದಿ ಬಂದಿದ್ದರೆ ಮೆಟ್ಟಿಲ ಕೆಳಗಿನಿಂದಲೇ ವಾಸನೆ ಹಿಡಿದು ಅಟ್ಟುತ್ತಿದ್ದವಳು ನೀನು. ಕೈವಾರದಿಂದ ಬಂದವಳು ಸೀದಾ ಹುಳುಮನೆಗೇ ಹತ್ತಿದ್ದೆ. “ಈ ಸಲನಾದ್ರೂ” ಅಂದೆಯಲ್ಲ ಅಕ್ಕಾ, ಬಯ್ಯಪ್ಪ ಹೊಸ್ತಿಲಲ್ಲಿ ನಿಂತು ಸೊಪ್ಪು ಅಗಿಯುತ್ತಿದ್ದಾಗಲೇ ನಿನಗೆ ಗೊತ್ತಿತ್ತಾ?