ಮನೆಗೆ ಕರಿದು, ಸಂತೆಗೆ ಬಿಳಿದು

ಅಪ್ಪಾ,

ಇವತ್ತು ಪಾಂಡವಪುರದಲ್ಲಿ, ಬೆಲ್ಲಕ್ಕೆ ಹೊಸ ನಿಯಮ ಮಾಡುವ ಸಮಿತಿಯ ಮುಂದೆ ನನ್ನ ಸಂಶೋಧನೆ ಹೇಳಬೇಕಿತ್ತು. ಬೆಲ್ಲ ಬೆಳ್ಳಗಾಗಲೆಂದು ಕೊಪ್ಪರಿಗೆಗೆ ಹಾಕುವ ಪುಡಿ ಅಚ್ಚಿನಲ್ಲಿ ಎಷ್ಟು ಉಳಿಯುತ್ತದೆಂದು ಪರದೆಯ ಮೇಲೆ ಗ್ರಾಫ್ ತೋರಿಸಿದೆ. ಅಧಿಕಾರಿಗಳು ಮೊಬೈಲು ನೋಡುತ್ತಿದ್ದರು. ಬೂಕನಕೆರೆ ಕಡೆಯ ಆಲೆಮನೆ ಮಾಲೀಕ ಹೊನ್ನಪ್ಪನವರು ಎದ್ದು, "ಇದೆಲ್ಲ ನಮಗರ್ಥ ಆಗಕಿಲ್ಲ ಕಣವ್ವ, ಒಂದೇ ಮಾತ್ನಾಗೆ ಯೋಳು" ಅಂದರು.

ಆಗ ಬಾಯಿಗೆ ಬಂದವನು ನೀನೇ.

"ನಮ್ಮಪ್ಪನೂ ಆಲೆಮನೆ ನಡೆಸ್ತಿದ್ದ. ಬಿಳೀ ಬೆಲ್ಲ ಸಂತೆಗೆ ಕಳಿಸೋನು. ಮನೆಗೆ ಮಾತ್ರ ಪುಡಿ ಹಾಕದೆ ಕರೀ ಬೆಲ್ಲ ಮಾಡೋನು."

ಮೊಬೈಲುಗಳು ಮೇಜಿಗಿಳಿದವು. ಹೊನ್ನಪ್ಪನವರು ಮೆಲ್ಲಗೆ, "ನಾವೂ ಅಂಗೇಯ" ಅಂದರು. ಪುಡಿಗೆ ಮಿತಿ ಹಾಕುವ ಮಾತು ಅಲ್ಲಿಂದ ಶುರುವಾಯಿತು.

ನಿನ್ನನ್ನು ಕೇಳದೆ ಮನೆಯ ಮಾತು ಸಭೆಯಲ್ಲಿ ಆಡಿಬಿಟ್ಟೆ. ಕೋಪ ಮಾಡಿಕೊಳ್ಳಬೇಡ.

ಹೊರಡುವಾಗ ಹೊನ್ನಪ್ಪನವರು, "ನಿಮ್ಮಪ್ಪ ಮಾಡಿದ ಕರೀ ಬೆಲ್ಲ ಒಂಚೂರು ಐತಾ ಮಗಾ?" ಅಂತ ಕೇಳಿದರು. ಇಲ್ಲ ಅಂದೆ.

ಸುಳ್ಳು. ನೀನು ತೀರಿಹೋಗುವ ಮುಂಚೆ ಕೊನೆಯ ಸಲ ಮಾಡಿದ್ದರಲ್ಲಿ ಒಂದು ಅಚ್ಚು ಇನ್ನೂ ಅಡುಗೆಮನೆಯ ಡಬ್ಬದಲ್ಲಿದೆ. ಒಡೆಯಲು ನನಗೇ ಕೈ ಬಂದಿಲ್ಲ, ಅವರಿಗೆ ಹೇಗೆ ಕೊಡಲಿ? ಅದು ಮನೆಗೆ ಅಂತ ಮಾಡಿದ್ದಲ್ಲವಾ, ಅಪ್ಪಾ.